ಬಳ್ಳಾರಿಯ ತೋಪಿನ ದಳದ ಬೆನ್ನು ಹತ್ತುವುದು ಹೇಗೆ? ಕಂಪನಿ ಕಾಲದ ಫಿರಂಗಿ ಪಡೆಯ ಚರಿತ್ರೆ ಹುಡುಕುವವರಿಗೆ ಮಾರ್ಗದರ್ಶಿ

ಬಳ್ಳಾರಿಯಲ್ಲಿ ಬೆಳೆದವರಿಗೆ ಕಂಟೋನ್ಮೆಂಟ್ ಅಂದರೆ ಒಂದು ಬಡಾವಣೆ, ಒಂದು ರೈಲ್ವೆ ಸ್ಟೇಷನ್, ಅಷ್ಟೇ. ದಂಡು ಹೋಗಿ ಎಷ್ಟೋ ಕಾಲವಾಯಿತು, ಹೆಸರು ಉಳಿದಿದೆ. ನನಗೂ ಅದು ಬರೀ ಹೆಸರೇ ಆಗಿತ್ತು. ಒಂದು ಸಂಜೆ ಹಳೆಯ ಸ್ಮಶಾನದಲ್ಲಿ ಮುರಿದ ಕಲ್ಲೊಂದು ಕಣ್ಣಿಗೆ ಬಿತ್ತು. ಹೆಸರಿದ್ದ ಜಾಗ ಒಡೆದು ಹೋಗಿತ್ತು. ‘ಗನ್ನರ್’ (ತೋಪು ಹಾರಿಸುವ ಸಿಪಾಯಿ) ಅನ್ನುವ ಪದ, ಅದರ ಕೆಳಗೆ ‘ಮದ್ರಾಸ್ ಆರ್ಟಿಲರಿ’, ಅಂದರೆ ಮದ್ರಾಸಿನ ತೋಪಿನ ಪಡೆ, ವಯಸ್ಸು 26, ಆಮೇಲೆ 183 ಅಂತ ಮೂರು ಅಂಕಿ. ನಾಲ್ಕನೆಯ ಅಂಕಿ ಇರಲಿಲ್ಲ. ಇವನು ಯಾವ ದಳದವನು? ಈ ಬಿಸಿಲೂರಿಗೆ ತೋಪು ಎಳೆದುಕೊಂಡು ಯಾಕೆ ಬಂದ? ಸುಮ್ನೆ ಕೇಳಿಕೊಂಡ ಪ್ರಶ್ನೆ ನನ್ನನ್ನು ಐದು ವರ್ಷ ಓಡಾಡಿಸಿತು.

ಈಗ ಯಾರಾದರೂ ‘ನಮ್ಮೂರಿನಲ್ಲಿದ್ದ ಬ್ರಿಟಿಷ್ ತೋಪಿನ ರೆಜಿಮೆಂಟ್ ಬಗ್ಗೆ ಬರೆಯಬೇಕು, ಎಲ್ಲಿಂದ ಶುರು ಮಾಡಲಿ’ ಅಂತ ಕೇಳಿದರೆ ನಾನು ಹೇಳುವುದು ಇಷ್ಟು. ದೊಡ್ಡ ಹೆಸರಿನಿಂದ ಶುರು ಮಾಡಬೇಡಿ. ಒಂದು ಊರು, ಒಂದು ವರ್ಷ, ಒಂದು ಚಿಕ್ಕ ತುಕಡಿ ಹಿಡಿದುಕೊಳ್ಳಿ. ಮಿಕ್ಕದ್ದು ಅದರ ಹಿಂದೆ ಬರುತ್ತದೆ. ಹೇಗೆ ಬರುತ್ತದೆ ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು, ಆಗ ಊರು ಯಾರದಾಗಿತ್ತು ಅಂತ ನೋಡಿ

ಇದನ್ನು ಬಿಟ್ಟವರು ತಪ್ಪು ಊರಿಗೆ ರೈಲು ಹತ್ತುತ್ತಾರೆ. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕಡಪಾ, ಅನಂತಪುರದ ಕಡೆಯ ನೆಲವೂ ಇದರ ಜೊತೆಗೇ ಹೋಯಿತು. ಇದಕ್ಕೇ ದತ್ತ ಮಂಡಲ ಅನ್ನುತ್ತಾರೆ. ಥಾಮಸ್ ಮನ್ರೋ ಮೊದಲ ಪ್ರಿನ್ಸಿಪಲ್ ಕಲೆಕ್ಟರ್ ಆಗಿ 1807ರವರೆಗೆ ಇದ್ದ. ಅಲ್ಲಿಂದ 1953ರ ಅಕ್ಟೋಬರ್ 1ರವರೆಗೆ, ಅಂದರೆ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವವರೆಗೆ, ಬಳ್ಳಾರಿಯ ಸರ್ಕಾರ ಮದ್ರಾಸಿನಲ್ಲಿತ್ತು. ಹಾಗಾಗಿ ಕಾಗದಗಳೂ ಅಲ್ಲೇ ಇವೆ.

ತುಂಗಭದ್ರೆ ದಾಟಿದರೆ ಕಡತದ ಊರೇ ಬದಲಾಗುತ್ತದೆ. ರಾಯಚೂರು, ಕೊಪ್ಪಳ ನಿಜಾಮನ ಸೀಮೆ. ಅದರಲ್ಲೂ ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರು. ಇಲ್ಲಿಯ ದಾಖಲೆ ಬೇಕೆಂದರೆ ಹೈದರಾಬಾದಿನ ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಪರ್ಷಿಯನ್, ಉರ್ದು ಓದುವವರು ಜೊತೆಗಿದ್ದರೆ ಒಳ್ಳೆಯದು. ಇದರಲ್ಲೂ ಒಂದು ಗಂಟಿದೆ. 1853ರಿಂದ 1860ರವರೆಗೆ ರಾಯಚೂರು ದೋಆಬ್ ಬ್ರಿಟಿಷರ ಆಡಳಿತದಲ್ಲಿತ್ತು. ಹೈದರಾಬಾದ್ ಕಾಂಟಿಂಜೆಂಟ್ ಅನ್ನುವ ಸೇನೆಯ ಖರ್ಚಿಗೆ ಅಂತ ನಿಜಾಮ ಅದನ್ನು ಬಿಟ್ಟುಕೊಟ್ಟಿದ್ದ. ಆ ಏಳು ವರ್ಷದ ಕಾಗದ ಬೇರೆ ಗೂಡಿನಲ್ಲಿರುತ್ತದೆ.

‘ರೆಜಿಮೆಂಟ್’ ಅನ್ನುವ ಪದವನ್ನು ಸ್ವಲ್ಪ ದಿನ ಮರೆತುಬಿಡಿ

ಕಾಲ್ದಳಕ್ಕೆ, ಕುದುರೆ ದಳಕ್ಕೆ ರೆಜಿಮೆಂಟ್ ಅಂದರೆ ಒಂದೇ ಛಾವಣಿಯಲ್ಲಿ ಇರುವ ಕೆಲವು ನೂರು ಜನ. ತೋಪಿನವರ ಲೆಕ್ಕ ಹಾಗಲ್ಲ. ಬ್ರಿಟಿಷರ ರಾಯಲ್ ರೆಜಿಮೆಂಟ್ ಆಫ್ ಆರ್ಟಿಲರಿ ಅಂದರೆ ಇಡೀ ಫಿರಂಗಿ ಪಡೆ. ಲಂಡನ್ನಿನಲ್ಲಿರುವ ಗನ್ನರ್ ಕೂಡ, ಬಳ್ಳಾರಿಯಲ್ಲಿರುವ ಗನ್ನರ್ ಕೂಡ ಅದೇ ರೆಜಿಮೆಂಟು! ಕೆಲಸ ನಡೆಯುತ್ತಿದ್ದದ್ದು ಅದರೊಳಗಿನ ಚಿಕ್ಕ ತುಕಡಿಗಳಲ್ಲಿ. ಕಾಲ್ನಡಿಗೆಯ ತೋಪಿನವರದು ‘ಕಂಪನಿ’ (ಈಸ್ಟ್ ಇಂಡಿಯಾ ಕಂಪನಿ ಅಲ್ಲ, ತುಕಡಿಯ ಹೆಸರು), ಕುದುರೆ ತೋಪಿನವರದು ‘ಟ್ರೂಪ್’. 1859ರಲ್ಲಿ ರಾಯಲ್ ಆರ್ಟಿಲರಿಯ ಕಂಪನಿಗಳು ‘ಬ್ಯಾಟರಿ’ ಆದವು, ಬೆಟಾಲಿಯನ್‌ಗಳು ‘ಬ್ರಿಗೇಡ್’ ಆದವು. 1938ರಲ್ಲಿ ಆ ಬ್ರಿಗೇಡ್‌ಗಳಿಗೆ ‘ರೆಜಿಮೆಂಟ್’ ಅಂತ ಹೆಸರು ಬಂತು. ಅಂದರೆ 1838ರ ಕಾಗದದ ರೆಜಿಮೆಂಟು, 1938ರ ಕಾಗದದ ರೆಜಿಮೆಂಟು ಒಂದೇ ವಸ್ತುವಲ್ಲ.

ಬಳ್ಳಾರಿಗೆ ಸಂಬಂಧಪಟ್ಟದ್ದು ಮುಖ್ಯವಾಗಿ ಮದ್ರಾಸ್ ಆರ್ಟಿಲರಿ. ಕಂಪನಿ ಸರ್ಕಾರಕ್ಕೆ ಬಂಗಾಳ, ಮದ್ರಾಸ್, ಬಾಂಬೆ ಅಂತ ಮೂರು ಸೇನೆ, ಮೂರಕ್ಕೂ ಬೇರೆ ಬೇರೆ ತೋಪಿನ ಪಡೆ. 1748ರಲ್ಲಿ ಇವಕ್ಕೆ ಕಾಯಂ ತೋಪಿನ ತುಕಡಿಗಳು, ಅಂದರೆ ಕಂಪನಿಗಳು, ಕಟ್ಟಲ್ಪಟ್ಟವು. ಮದ್ರಾಸಿನ ತೋಪಿನವರ ಮೂಲ ಠಾಣೆ ಪರಂಗಿಮಲೆ, ಅಂದರೆ ಈಗಿನ ಚೆನ್ನೈನ ಸೇಂಟ್ ಥಾಮಸ್ ಮೌಂಟ್. 1805ರಲ್ಲಿ ಕುದುರೆ ತೋಪಿನ ಟ್ರೂಪ್ ಸೇರಿತು. ಬಿಳಿಯರ ಕಂಪನಿಗಳ ಜೊತೆ ನಮ್ಮವರ ಕಂಪನಿಗಳೂ ಇದ್ದವು. ಆ ಸಿಪಾಯಿಗಳನ್ನು ಗೋಲಂದಾಜ ಅನ್ನುತ್ತಿದ್ದರು, ಗುಂಡು ಎಸೆಯುವವನು ಅಂತ.

1857ರ ದಂಗೆ ಎಲ್ಲವನ್ನೂ ಅಲ್ಲಾಡಿಸಿತು. ದೇಶಿ ಸಿಪಾಯಿಗಳ ಕೈಯಲ್ಲಿ ತೋಪು ಇರಬಾರದು ಅಂತ ಬ್ರಿಟಿಷರು ತೀರ್ಮಾನಿಸಿದರು. ಕೆಲವು ಬೆಟ್ಟದ ಬ್ಯಾಟರಿ, ಹೈದರಾಬಾದ್ ಕಾಂಟಿಂಜೆಂಟಿನ ಬ್ಯಾಟರಿಗಳಂಥವನ್ನು ಬಿಟ್ಟರೆ ಗೋಲಂದಾಜರ ಕಂಪನಿಗಳು ಮುಚ್ಚಿಹೋದವು. 1861ರಿಂದ ಬಿಳಿಯರ ಕಂಪನಿಗಳು ರಾಯಲ್ ಆರ್ಟಿಲರಿಯಲ್ಲಿ ಸೇರಿಹೋದವು. ಸೇರಿದ ಮೇಲೆ ಅವಕ್ಕೆ ಹೊಸ ನಂಬರ್. ಕೆಲವು ವರ್ಷಕ್ಕೆ ಮತ್ತೆ ಬೇರೆ ನಂಬರ್. 1805ರ ಆ ಮೊದಲ ಮದ್ರಾಸ್ ಕುದುರೆ ಟ್ರೂಪ್ ಹೀಗೇ ಹೆಸರು ಬದಲಿಸುತ್ತಾ 1889ಕ್ಕೆ ‘ಜೆ ಬ್ಯಾಟರಿ’ ಆಯಿತು. ತುಕಡಿ ಒಂದೇ, ಹೆಸರು ಹತ್ತಾರು. 1899ರಲ್ಲಿ ರಾಯಲ್ ಆರ್ಟಿಲರಿಯೇ ಎರಡು ಹೋಳಾಯಿತು. ಒಂದು ಕಡೆ ಕುದುರೆ ಮತ್ತು ಬಯಲಿನ ತೋಪಿನವರು, ಇನ್ನೊಂದು ಕಡೆ ಕೋಟೆ ಮತ್ತು ಬೆಟ್ಟದ ತೋಪಿನವರು. 1924ರಲ್ಲಿ ಮತ್ತೆ ಒಂದಾಯಿತು.

ನಾನು ಮೊದಲು ಮುಗ್ಗರಿಸಿದ್ದು ಇಲ್ಲೇ. 1870ರ ದಶಕದ ಒಂದು ಬ್ಯಾಟರಿ ನಂಬರ್ ಸಿಕ್ಕಿತು. ಅದೇ ನಂಬರನ್ನು ಹಿಂದಕ್ಕೆ ಹಿಂದಕ್ಕೆ ಹಿಡಿದು ಹೋದೆ. ನಾಲ್ಕು ತಿಂಗಳಾದ ಮೇಲೆ ಗೊತ್ತಾಯಿತು, ಬೇರೆ ಬೇರೆ ಬ್ರಿಗೇಡಿನಲ್ಲಿ ಒಂದೇ ನಂಬರಿನ ಬ್ಯಾಟರಿಗಳಿದ್ದವು. ನಾನು ಹಿಂಬಾಲಿಸಿದ್ದು ಬಂಗಾಳದ ಕಡೆಯದನ್ನು. ಅದಕ್ಕೂ ಬಳ್ಳಾರಿಗೂ ಸಂಬಂಧವೇ ಇಲ್ಲ.

ಆವತ್ತಿನಿಂದ ಒಂದು ಉದ್ದ ಲೆಕ್ಕದ ಪುಸ್ತಕ ಇಟ್ಟುಕೊಂಡಿದ್ದೇನೆ, ಕಿರಾಣಿ ಅಂಗಡಿಯವರು ಇಡುವಂಥದ್ದು. ವರ್ಷಕ್ಕೊಂದು ಸಾಲು. ಆ ವರ್ಷ ತುಕಡಿಯ ಹೆಸರೇನು, ಯಾವ ಬೆಟಾಲಿಯನ್ ಅಥವಾ ಬ್ರಿಗೇಡು, ಯಾವ ಠಾಣೆ, ಕ್ಯಾಪ್ಟನ್ ಯಾರು, ಈ ಮಾಹಿತಿ ಎಲ್ಲಿ ಸಿಕ್ಕಿತು. ನಂಬರ್ ಬದಲಾದರೂ ಅಧಿಕಾರಿಗಳ ಹೆಸರು ಒಂದೆರಡು ವರ್ಷ ಹಾಗೇ ಮುಂದುವರಿಯುತ್ತದೆ. ಆ ಹೆಸರುಗಳೇ ಸೇತುವೆ. ಕ್ಯಾಪ್ಟನ್, ಲೆಫ್ಟಿನೆಂಟ್ ಇಬ್ಬರೂ ಅವರೇ ಇದ್ದರೆ ತುಕಡಿಯೂ ಅದೇ ಅಂತ ಧೈರ್ಯವಾಗಿ ಮುಂದೆ ಹೋಗಬಹುದು.

ಊರಿನ ಹೆಸರು ಹತ್ತು ಬಗೆ

ಈಗ ನಾವು ಇಂಗ್ಲಿಷಿನಲ್ಲೂ ಬಳ್ಳಾರಿ ಅಂತಲೇ ಬರೆಯುತ್ತೇವೆ. 2014ರ ನವೆಂಬರ್ 1ರವರೆಗೆ ಅದು ಬೆಲ್ಲರಿ. ಹಳೆಯ ಕಾಗದದಲ್ಲಿ ಬಲ್ಹಾರಿ, ಬಿಲ್ಲಾರಿ ಅಂತಲೂ ಸಿಗುತ್ತದೆ. ಕೊಪ್ಪಳ ಇನ್ನೂ ಕಷ್ಟ. ಕೋಪಾಲ್, ಕೋಪಾಲ್‌ದ್ರೂಗ್ ಅಂತೆಲ್ಲ ಇರುತ್ತದೆ, ಇಂಗ್ಲಿಷಿನ ಸಿ ಅಕ್ಷರದಲ್ಲೂ ಹುಡುಕಬೇಕು, ಕೆ ಅಕ್ಷರದಲ್ಲೂ ಹುಡುಕಬೇಕು. ಕಂಪ್ಯೂಟರ್‌ಗೆ ನಮ್ಮಷ್ಟು ಅಂದಾಜು ಬರುವುದಿಲ್ಲ. ಒಂದು ಅಕ್ಷರ ಆಚೀಚೆಯಾದರೆ ‘ಏನೂ ಇಲ್ಲ’ ಅಂದುಬಿಡುತ್ತದೆ.

ಮನೆಯಲ್ಲೇ ಕೂತು ಮಾಡುವ ಕೆಲಸ

ದುಡ್ಡು ಖರ್ಚು ಮಾಡುವ ಮೊದಲು ಇದನ್ನು ಮುಗಿಸಿ. ಇಂಟರ್ನೆಟ್ ಆರ್ಕೈವ್, ಗೂಗಲ್ ಬುಕ್ಸ್‌ನಲ್ಲಿ ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಬಳ್ಳಾರಿ ಜಿಲ್ಲೆಯ ಮ್ಯಾನ್ಯುಯಲ್ 1872ರದ್ದು, ಗೆಜೆಟಿಯರ್ 1904ರದ್ದು. ಇವೆರಡೂ ನಮ್ಮ ಸೀಮೆಗೆ ಬುನಾದಿ. ಮದ್ರಾಸ್ ಆರ್ಟಿಲರಿಯ ಬಗ್ಗೆಯೇ ಬೆಗ್ಬಿ ಅನ್ನುವ ಅಧಿಕಾರಿ 1850ರ ದಶಕದ ಶುರುವಿನಲ್ಲಿ ಎರಡು ಸಂಪುಟ ಬರೆದ. ವಿಲ್ಸನ್ ಬರೆದ ಮದ್ರಾಸ್ ಸೇನೆಯ ಚರಿತ್ರೆ 1882ರಿಂದ ಸಂಪುಟ ಸಂಪುಟವಾಗಿ ಬಂತು. ಎರಡನ್ನೂ ಓದಿ, ಆದರೆ ನಂಬಿಕೊಂಡು ಕೂರಬೇಡಿ. ಇಬ್ಬರೂ ಅದೇ ಸೇನೆಯಲ್ಲಿದ್ದವರು. ಗೆದ್ದದ್ದಕ್ಕೆ ಹತ್ತು ಪುಟ, ಸೋತದ್ದಕ್ಕೆ ಎರಡು ಸಾಲು. ಎತ್ತು ಹೊಡೆದವನಿಗೆ ಒಂದು ಸಾಲೂ ಇಲ್ಲ.

ಪುಸ್ತಕಕ್ಕಿಂತ ನನಗೆ ಉಪಯೋಗಕ್ಕೆ ಬಂದದ್ದು ಆರ್ಮಿ ಲಿಸ್ಟ್, ಅಂದರೆ ಸೇನೆಯ ಅಧಿಕಾರಿಗಳ, ದಳಗಳ ಅಚ್ಚಾದ ಪಟ್ಟಿ. ನೋಡಲು ಟೆಲಿಫೋನ್ ಡೈರೆಕ್ಟರಿಯ ಹಾಗೆ ಒಣಕಲು. ಮದ್ರಾಸ್ ಸೇನೆಯ ಲಿಸ್ಟ್ ಬೇರೆ, ಬ್ರಿಟಿಷ್ ಸೇನೆಯದು ಬೇರೆ. ಬ್ರಿಟಿಷ್ ಸೇನೆಯ ಲಿಸ್ಟುಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಆನ್‌ಲೈನ್ ಹಾಕಿದೆ. ಎಲ್ಲರೂ ಹೆಸರಿನ ಸೂಚಿ ತೆರೆದು ಅಧಿಕಾರಿಗಳನ್ನು ಹುಡುಕುತ್ತಾರೆ. ನೀವು ಠಾಣೆವಾರು ಹಂಚಿಕೆಯ ಪುಟ ತೆರೆಯಿರಿ. ಆ ತಿಂಗಳು ಯಾವ ಊರಿನಲ್ಲಿ ಯಾವ ದಳ ಇತ್ತು ಅಂತ ಅಲ್ಲಿರುತ್ತದೆ. ಬಳ್ಳಾರಿಯ ಸಾಲು ನೋಡಿ, ತೋಪಿನ ತುಕಡಿ ಯಾವುದು ಅಂತ ಬರೆದುಕೊಳ್ಳಿ, ಮುಂದಿನ ವರ್ಷದ ಲಿಸ್ಟ್ ತೆಗೆಯಿರಿ. ಹೀಗೆ ಇಪ್ಪತ್ತು ವರ್ಷ ಮಾಡಿದರೆ ಯಾರು ಯಾವಾಗ ಬಂದರು, ಯಾವಾಗ ಹೋದರು ಅನ್ನುವುದು ಕಣ್ಣೆದುರು ನಿಲ್ಲುತ್ತದೆ. ಎರಡು ಭಾನುವಾರದ ಕೆಲಸ. ಒಂದು ಎಚ್ಚರಿಕೆ. ಅಚ್ಚಾಗುವ ಹೊತ್ತಿಗೆ ದಳ ಆಗಲೇ ಊರು ಬಿಟ್ಟಿರಬಹುದು. ಎತ್ತಿನ ಗಾಡಿಯ ಜೊತೆ ನಡೆದು ಹೋಗುವ ದಳಕ್ಕೆ ಹೊಸ ಠಾಣೆ ಮುಟ್ಟಲು ಆಗ ತಿಂಗಳುಗಟ್ಟಲೆ ಬೇಕಾಗುತ್ತಿತ್ತು. ಹಾಗಾಗಿ ಒಂದೇ ಲಿಸ್ಟ್ ನಂಬಿ ತಾರೀಖು ಬರೆಯಬೇಡಿ.

ಸತ್ತವರ, ಮದುವೆಯಾದವರ, ಜ್ಞಾನಸ್ನಾನ ಪಡೆದವರ ವಿವರ ಚರ್ಚಿನ ರಿಜಿಸ್ಟರಿನಲ್ಲಿರುತ್ತದೆ. ಮದ್ರಾಸ್ ಪ್ರಾಂತ್ಯದ ಚರ್ಚುಗಳು ಪ್ರತಿ ವರ್ಷ ಅದರ ನಕಲು ಲಂಡನ್ನಿಗೆ ಕಳಿಸುತ್ತಿದ್ದವು. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಅದಕ್ಕೆ ಎನ್ 2 ಅನ್ನುವ ಗುರುತು. ಫೈಂಡ್‌ಮೈಪಾಸ್ಟ್ ತಾಣದಲ್ಲಿ ದುಡ್ಡು ಕೊಟ್ಟು ಅದರ ಚಿತ್ರ ನೋಡಬಹುದು. ಬ್ರಿಟಿಷ್ ಇಂಡಿಯಾದಲ್ಲಿದ್ದ ಕುಟುಂಬಗಳ ಚರಿತ್ರೆ ಹುಡುಕುವ ಫಿಬಿಸ್ ಅನ್ನುವ ಸಂಘದ ತಾಣದಲ್ಲಿ ಪುಕ್ಕಟೆ ಸೂಚಿ ಇದೆ. ಒಂದು ತಿಂಗಳಿಗೆ ಮಾತ್ರ ಚಂದಾ ಕಟ್ಟಿ, ಬೇಕಾದ ಹೆಸರುಗಳ ಪಟ್ಟಿ ಮೊದಲೇ ಮಾಡಿಟ್ಟುಕೊಳ್ಳಿ. ತೋಪಿನ ದಳದಲ್ಲಿ ಐರ್ಲೆಂಡಿನವರು ಜಾಸ್ತಿ ಇದ್ದರು, ಅವರಲ್ಲಿ ಎಷ್ಟೋ ಜನ ಕ್ಯಾಥೊಲಿಕರು. ಅವರ ಚರ್ಚಿನ ನಕಲುಗಳು ಲಂಡನ್ನಿಗೆ ಅಷ್ಟು ಕ್ರಮವಾಗಿ ಹೋಗಿಲ್ಲ. ಹೆಸರು ಸಿಗಲಿಲ್ಲ ಅಂದ ಮಾತ್ರಕ್ಕೆ ಆ ಮನುಷ್ಯ ಇರಲಿಲ್ಲ ಅಂತಲ್ಲ.

ಕಲ್ಲು, ಕೋಟೆ, ತೋಪು

ಈಗ ಮನೆಯಿಂದ ಹೊರಗೆ ಬನ್ನಿ. ಸ್ಮಶಾನಕ್ಕೆ ಹೋಗುವುದಾದರೆ ಬೆಳಿಗ್ಗೆ ಏಳರೊಳಗೆ ಅಥವಾ ಸಂಜೆ ಐದರ ಮೇಲೆ ಹೋಗಿ. ಬಳ್ಳಾರಿ ಬಿಸಿಲಿಗೆ ಹೆದರಿ ಹೇಳುತ್ತಿಲ್ಲ, ಅದೂ ಒಂದು ಕಾರಣವೇ ಅನ್ನಿ. ಓರೆ ಬೆಳಕಿನಲ್ಲಿ ಸವೆದ ಅಕ್ಷರದ ನೆರಳು ಬೀಳುತ್ತದೆ, ಓದಲು ಬರುತ್ತದೆ. ನೆತ್ತಿ ಬಿಸಿಲಿನಲ್ಲಿ ಅದೇ ಕಲ್ಲು ಬೋಳು. ಸೀಮೆಸುಣ್ಣ ಬಳಿಯಬೇಡಿ, ತಂತಿ ಬ್ರಷ್ ಮುಟ್ಟಲೇ ಬೇಡಿ. ಒಂದು ಕನ್ನಡಿ ತೆಗೆದುಕೊಂಡು ಹೋಗಿ ಪಕ್ಕದಿಂದ ಬೆಳಕು ಬಿಟ್ಟರೂ ಸಾಕು. ಮದ್ರಾಸ್ ಪ್ರಾಂತ್ಯದ ಸಮಾಧಿ ಬರಹಗಳನ್ನು ಕಾಟನ್ ಅನ್ನುವ ಅಧಿಕಾರಿ 1905ರಲ್ಲಿ ಪಟ್ಟಿ ಮಾಡಿ ಅಚ್ಚು ಹಾಕಿಸಿದ್ದಾನೆ, ಅದರಲ್ಲಿ ಬಳ್ಳಾರಿಯೂ ಇದೆ. ಆದರೆ ಅಲ್ಲಿ ಹೆಚ್ಚಿಗೆ ಇರುವವರು ಅಧಿಕಾರಿಗಳು, ಹೆಸರುವಾಸಿಗಳು. ನನ್ನ ಗನ್ನರ್‌ನಂಥವನಿಗೆ ಅಲ್ಲಿ ಜಾಗವಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ತೀರಿಕೊಂಡವರನ್ನು ಹುಡುಕುತ್ತಿದ್ದರೆ ಚೆನ್ನೈನ 1914-1918ರ ಯುದ್ಧ ಸ್ಮಾರಕದ ಹೆಸರುಗಳನ್ನು ನೋಡಿ. ದಕ್ಷಿಣದ ಚಿಕ್ಕ ಚಿಕ್ಕ ಸ್ಮಶಾನಗಳಲ್ಲಿ ಕಾಯಲಾಗದ ಸಮಾಧಿಗಳ ಹೆಸರನ್ನು ಅಲ್ಲಿ ಒಟ್ಟು ಮಾಡಿದ್ದಾರೆ.

ಕೋಟೆಯಲ್ಲೋ ಕಚೇರಿಯ ಮುಂದೆಯೋ ನಿಲ್ಲಿಸಿದ ಹಳೆಯ ತೋಪು ಸಿಕ್ಕರೆ ಫೋಟೋ ಹೊಡೆದು ಬಂದುಬಿಡಬೇಡಿ. ಅದು ಓದಬೇಕಾದ ಕಾಗದ. ಮೊದಲು ಬಾಯಿಯ ಅಗಲ ಅಳೆಯಿರಿ. ಬ್ರಿಟಿಷರು ತೋಪನ್ನು ಅದು ಹಾರಿಸುವ ಕಬ್ಬಿಣದ ಗುಂಡಿನ ತೂಕದಿಂದ ಕರೆಯುತ್ತಿದ್ದರು. ಬಾಯಿ ಸುಮಾರು 93 ಮಿಲಿಮೀಟರ್ ಇದ್ದರೆ 6 ಪೌಂಡರ್, 107 ಇದ್ದರೆ 9 ಪೌಂಡರ್, 117 ಇದ್ದರೆ 12 ಪೌಂಡರ್. ತುಕ್ಕು ತಿಂದು ಬಾಯಿ ಅಗಲವಾಗಿರುತ್ತದೆ, ಒಂದೆರಡು ಮಿಲಿಮೀಟರ್ ಬಿಟ್ಟುಕೊಡಿ. ಆಮೇಲೆ ಮೈಮೇಲಿನ ಗುರುತು. ಬ್ರಿಟಿಷ್ ಸರ್ಕಾರದ್ದಾದರೆ ರಾಜನ ಹೆಸರಿನ ಅಕ್ಷರ, ಬಾಣದ ಗುರುತು. ಈಸ್ಟ್ ಇಂಡಿಯಾ ಕಂಪನಿಯದಾದರೆ ನಾಲ್ಕು ಪಾಲು ಮಾಡಿದ ಹೃದಯದ ಆಕಾರ, ಅದರೊಳಗೆ ಅಕ್ಷರಗಳು. ಕಂಪನಿಯವರು ಸರಕಿನ ಗಂಟಿನ ಮೇಲೂ ಇದೇ ಮುದ್ರೆ ಹಾಕುತ್ತಿದ್ದರು. ತೋಪೂ ಅವರಿಗೆ ಒಂದು ಸರಕೇ ಅಲ್ವಾ!

ಇನ್ನು 8-2-14 ಅಂತ ಮೂರು ಅಂಕಿ ಕೊರೆದಿದ್ದರೆ ಅದು ತಾರೀಖಲ್ಲ. ನಾನೂ ಮೊದಲು ಫೆಬ್ರವರಿ 8 ಅಂದುಕೊಂಡಿದ್ದೆ. ಅದು ತೋಪಿನ ತೂಕ. ಮೊದಲ ಅಂಕಿ ಹಂಡ್ರೆಡ್‌ವೇಟ್, ಒಂದಕ್ಕೆ 112 ಪೌಂಡು. ಎರಡನೆಯದು ಕ್ವಾರ್ಟರ್, ಒಂದಕ್ಕೆ 28 ಪೌಂಡು. ಮೂರನೆಯದು ಬಿಡಿ ಪೌಂಡು. ಅಲ್ಲಿಗೆ 896, 56, 14 ಸೇರಿ 966 ಪೌಂಡು, ಅಂದರೆ ಸುಮಾರು 438 ಕಿಲೋ. ಬಾಯಿಯ ಅಳತೆ, ತೂಕ, ಉದ್ದ ಈ ಮೂರೂ ಕೈಯಲ್ಲಿದ್ದರೆ ಯಾವ ಮಾದರಿಯ ತೋಪು ಅಂತ ತಿಳಿದವರು ಹೇಳಿಬಿಡುತ್ತಾರೆ. ಕಂಡ ತೋಪೆಲ್ಲ ಬ್ರಿಟಿಷರದ್ದೂ ಅಲ್ಲ. ಟಿಪ್ಪುವಿನ ತೋಪಿನ ಮೇಲೆ ಹುಲಿಯ ಗುರುತು ನೋಡಿ. ನಿಜಾಮನ ಬಳಿಯಿದ್ದ ಫ್ರೆಂಚ್ ಅಧಿಕಾರಿ ರೇಮಂಡ್ ಹೈದರಾಬಾದಿನಲ್ಲೇ ತೋಪು ಎರಕ ಹೊಯ್ಯಿಸುತ್ತಿದ್ದ. ಆ ಜಾಗಕ್ಕೆ ಈಗಲೂ ಗನ್‌ಫೌಂಡ್ರಿ ಅಂತಲೇ ಹೆಸರು.

ಊರಿನ ಕತೆಗಳನ್ನೂ ಬರೆದುಕೊಳ್ಳಿ. ಬಳ್ಳಾರಿ ಗುಡ್ಡದ ಕೋಟೆಯನ್ನು ಹೈದರಲಿಗಾಗಿ ಫ್ರೆಂಚ್ ಎಂಜಿನಿಯರ್ ಕಟ್ಟಿದ, ಪಕ್ಕದ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ ಅಂತ ಆಮೇಲೆ ಗೊತ್ತಾಗಿ ಹೈದರ ಅವನನ್ನು ಗಲ್ಲಿಗೆ ಹಾಕಿಸಿದ ಅಂತ ಎಲ್ಲರೂ ಹೇಳುತ್ತಾರೆ. ಎಂಜಿನಿಯರನ ಗಲ್ಲಿಗೆ ಕಾಗದದ ಸಾಕ್ಷಿ ಹುಡುಕುವುದು ಬೇರೆ ಮಾತು. ಆದರೆ ಕತೆಯ ಒಳಗೆ ತೋಪಿನವನ ಲೆಕ್ಕ ಸರಿಯಾಗಿದೆ. ಎತ್ತರದ ಗುಡ್ಡದ ಮೇಲೆ ಶತ್ರು ತೋಪು ಏರಿಸಿದರೆ ಕೆಳಗಿನ ಕೋಟೆ ಅವನ ಅಂಗೈಯಲ್ಲಿ. ಕತೆಯನ್ನು ಕತೆ ಅಂತಲೇ ಬರೆಯಿರಿ, ಬಿಸಾಡಬೇಡಿ.

ಚೆನ್ನೈಗೆ ಹೋಗುವಾಗ

ಎಗ್ಮೋರಿನ ತಮಿಳುನಾಡು ಪತ್ರಾಗಾರ ನಮ್ಮ ಬಳ್ಳಾರಿಯ ನಿಜವಾದ ದಫ್ತರ. ಜಿಲ್ಲೆಯ ದಾಖಲೆಗಳು, ಮದ್ರಾಸ್ ಸರ್ಕಾರದ ಮಿಲಿಟರಿ ವಿಭಾಗದ ಕಡತಗಳು ಅಲ್ಲಿವೆ. ಗುರುತಿನ ಚೀಟಿ, ವಿಶ್ವವಿದ್ಯಾಲಯ ಅಥವಾ ಕಾಲೇಜಿನಿಂದ ಪರಿಚಯ ಪತ್ರ, ಏನು ಹುಡುಕುತ್ತಿದ್ದೀರಿ ಅಂತ ಒಂದು ಪುಟದ ಬರಹ ತೆಗೆದುಕೊಂಡು ಹೋಗಿ. ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಮೊದಲು ಪತ್ರ ಬರೆದು ಕೇಳಿ. ಕಡಿಮೆ ಅಂದರೂ ಒಂದು ವಾರ ಇರುವ ಹಾಗೆ ಹೋಗಿ. ಮೊದಲ ಎರಡು ದಿನ ಅನುಮತಿ, ಸೂಚಿ, ಚೀಟಿ ಬರೆಯುವುದು ಇದರಲ್ಲೇ ಹೋಗುತ್ತದೆ.

ಅಲ್ಲಿ ಒಂದು ಗುಟ್ಟು ತಿಳಿದಿರಬೇಕು. ಬಳ್ಳಾರಿಯಿಂದ ಒಬ್ಬ ಅಧಿಕಾರಿ ಮಾರ್ಚ್ 3ಕ್ಕೆ ಪತ್ರ ಬರೆದ ಅನ್ನಿ. ಅದು ಮಾರ್ಚ್ 3ರ ಪುಟದಲ್ಲಿ ಇರುವುದಿಲ್ಲ. ಮದ್ರಾಸಿನಲ್ಲಿ ಸರ್ಕಾರದ ಸಭೆ ಅದನ್ನು ಕೈಗೆತ್ತಿಕೊಂಡ ದಿನ, ಎರಡು ಮೂರು ವಾರದ ನಂತರದ ಪುಟದಲ್ಲಿ ಇರುತ್ತದೆ. ಇದಕ್ಕೆ ಕನ್ಸಲ್ಟೇಷನ್ ಅನ್ನುತ್ತಾರೆ. ಇದು ಗೊತ್ತಿಲ್ಲದೆ ನಾನು ಒಂದಿಡೀ ದಿನ ಸರಿಯಾದ ಸಂಪುಟದ ತಪ್ಪು ಪುಟಗಳನ್ನು ಮಗುಚಿದ್ದೆ. ಟಿಪ್ಪಣಿ ಮಾಡುವಾಗ ಎರಡೂ ತಾರೀಖು ಬರೆಯಿರಿ, ಸಂಪುಟದ ನಂಬರ್, ಪುಟ ಕೂಡ. ‘ಆಮೇಲೆ ಬರೆದುಕೊಳ್ಳುತ್ತೇನೆ’ ಅಂದರೆ ಮುಗಿಯಿತು, ಮತ್ತೆ ಗುಂತಕಲ್ ಮೇಲೆ ರೈಲು.

ಮಿಲಿಟರಿ ಕಡತ ಮಾತ್ರ ನೋಡಬೇಡಿ. ಕಲೆಕ್ಟರನ ಕಂದಾಯದ ಕಡತ ತೆರೆಯಿರಿ. ದಂಡು ಊರ ಮೂಲಕ ಹೋಗುವಾಗ ಬೆಳೆ ತುಳಿಯಿತು, ಗಾಡಿ ಎತ್ತು ಹಿಡಿದುಕೊಂಡು ಹೋದರು, ಹುಲ್ಲಿನ ದುಡ್ಡು ಬಂದಿಲ್ಲ ಅಂತ ರೈತರ ಅರ್ಜಿಗಳು ಅಲ್ಲಿ ಸಿಗುತ್ತವೆ. ತೋಪಿನ ದಳದ ಚರಿತ್ರೆಗೆ ನಮ್ಮೂರಿನ ಬಾಯಿ ಅಂದರೆ ಇದೇ. ಇನ್ನೊಂದು ಜಾಗ ಕ್ರೈಸ್ತ ಮಿಷನ್ನಿನ ಪತ್ರಗಳು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲೇ ಬಳ್ಳಾರಿಗೆ ಬಂದ, ಬೈಬಲನ್ನು ಕನ್ನಡಕ್ಕೆ ತಂದ. ಅವನೂ ಅವನ ನಂತರದವರೂ ದಂಡಿನ ಸಿಪಾಯಿಗಳ ನಡುವೆ ಓಡಾಡಿದವರು. ಸೊಸೈಟಿಯ ಕಾಗದಗಳು ಲಂಡನ್ನಿನ ಸೋಆಸ್ ಗ್ರಂಥಾಲಯದಲ್ಲಿವೆ.

ಲಂಡನ್ನಿಗೆ ನೀವೇ ಹೋಗಬೇಕಂತಿಲ್ಲ, ನಕಲು ತರಿಸಬಹುದು. ಆದರೆ ಯಾವ ಬಾಗಿಲು ತಟ್ಟಬೇಕು ಅಂತ ಗೊತ್ತಿರಬೇಕು. 1861ಕ್ಕಿಂತ ಮೊದಲು ಮದ್ರಾಸ್ ಸೇನೆಯ ಗನ್ನರ್ ಆಗಿದ್ದರೆ ಬ್ರಿಟಿಷ್ ಲೈಬ್ರರಿ. ಅಲ್ಲಿ ಎಲ್-ಎಂಐಎಲ್ 11 ಅನ್ನುವ ಸಾಲಿನಲ್ಲಿ ಹಾಜರಿ ಪಟ್ಟಿಗಳಿವೆ. ಆಮೇಲಿನವನು ರಾಯಲ್ ಆರ್ಟಿಲರಿಯವನು. ಅವನಿಗೆ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ, ಡಬ್ಲ್ಯೂಒ 10ರಲ್ಲಿ ಹಾಜರಿ, ಡಬ್ಲ್ಯೂಒ 97ರಲ್ಲಿ ಬಿಡುಗಡೆ ಪತ್ರ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ಆದ ಮೇಲೆ ಹಳೆಯ ಕೊಂಡಿಗಳು ಎಷ್ಟೋ ಕೆಲಸ ಮಾಡುವುದಿಲ್ಲ. ಕೊಂಡಿ ಬದಲು ಕಡತದ ಗುರುತನ್ನೇ ಬರೆದಿಟ್ಟುಕೊಳ್ಳಿ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ ಪಟಲ್ ತಾಣದಲ್ಲೂ ಒಮ್ಮೆ ಹುಡುಕಿ, ಅಲ್ಲಿ ಎಷ್ಟೋ ಕಡತ ಮನೆಯಿಂದಲೇ ಓದಬಹುದು.

ಗೋಲಂದಾಜ, ಲಸ್ಕರ, ಎತ್ತು

ಒಂದು ತೋಪನ್ನು ಬರೀ ಗನ್ನರ್ ನಡೆಸುತ್ತಿರಲಿಲ್ಲ. ತೋಪು ಎಳೆಯುವ, ಏರಿಸುವ, ಇಳಿಸುವ ಕೆಲಸಕ್ಕೆ ಲಸ್ಕರರು ಇದ್ದರು. ಅವರ ಮೇಲೆ ಟಿಂಡಾಲ್, ಸಾರಂಗ್ ಅನ್ನುವ ಮೇಸ್ತ್ರಿಗಳು. ಹಡಗಿನ ಪದಗಳೇ ನೆಲಕ್ಕೂ ಬಂದಿವೆ. ಆಮೇಲೆ ಎತ್ತು ಹೊಡೆಯುವವರು, ಹುಲ್ಲು ತರುವವರು, ಕಮ್ಮಾರರು, ಬಡಗಿಗಳು, ನೀರು ಹೊರುವ ಭಿಸ್ತಿಗಳು. ಒಟ್ಟು ಜನದಲ್ಲಿ ಇವರೇ ಜಾಸ್ತಿ. ಅಚ್ಚಾದ ಚರಿತ್ರೆಯಲ್ಲಿ ಇವರು ‘ಇತರೆ’.

ಇವರನ್ನು ಹುಡುಕಲು ಸಂಬಳದ ಪಟ್ಟಿ, ಪಿಂಚಣಿ ಪಟ್ಟಿ, ಸೈನಿಕ ನ್ಯಾಯಾಲಯದ ಆದೇಶ ನೋಡಬೇಕು. ಹೊಗಳಿಕೆಯಲ್ಲಿ ಬಾರದ ಹೆಸರು ಶಿಕ್ಷೆಯಲ್ಲಿ ಬರುತ್ತದೆ. ದುಃಖದ ವಿಷಯ, ಆದರೆ ಹುಡುಕುವವರಿಗೆ ಅದೇ ದಾರಿ. ಮದ್ರಾಸ್ ಸೇನೆಯ ಸಿಪಾಯಿಗಳು ಸಂಬಳದ ಪಾಲನ್ನು ಮನೆಗೆ ಕಳಿಸುವ ವ್ಯವಸ್ಥೆ ಇತ್ತು, ಅದರ ಕಾಗದ ಜಿಲ್ಲೆಯ ಕಡತದಲ್ಲಿ ಸಿಗಬಹುದು. ಹೆಸರನ್ನು ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ. ಗಟ್ಟಿಯಾಗಿ ಓದಿ ನೋಡಿ. ಕಣ್ಣಿಗೆ ಸಿಗದ ಹನುಮಂತ, ವೆಂಕಟಸ್ವಾಮಿ, ಶೇಖ್ ಇಮಾಮ್ ಕಿವಿಗೆ ಸಿಗುತ್ತಾರೆ.

ಎತ್ತುಗಳನ್ನೂ ಮರೆಯಬೇಡಿ. ಹೈದರ್, ಟಿಪ್ಪು ಕಾಲದ ಅಮೃತ ಮಹಲ್ ತಳಿ, ಹಳ್ಳಿಕಾರ್ ಬಳಗದ ದನ, ತೋಪು ಎಳೆಯುವುದರಲ್ಲಿ ಹೆಸರಾದದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಅದರ ಬೆಲೆ ಅರಿತು ತಮ್ಮ ತೋಪಿಗೇ ಕಟ್ಟಿಕೊಂಡರು. ಇದರ ಕಾಗದ ತೋಪಿನ ವಿಭಾಗದಲ್ಲಿರುವುದಿಲ್ಲ, ಕಮಿಸರಿಯಟ್ ಅಂದರೆ ಸೇನೆಯ ಸರಬರಾಜು ಇಲಾಖೆಯಲ್ಲಿರುತ್ತದೆ. ಎತ್ತು ಎಷ್ಟು ಸತ್ತವು ಅಂತ ನೋಡಿದರೆ ದಂಡು ಯಾಕೆ ತಡವಾಗಿ ತಲುಪಿತು ಅಂತ ತಿಳಿಯುತ್ತದೆ.

ಒಂದು ಅಭ್ಯಾಸ: 1858ರ ಕೊಪ್ಪಳ

ಕಲಿತದ್ದನ್ನು ಒಂದೇ ಘಟನೆಯ ಮೇಲೆ ಪ್ರಯೋಗ ಮಾಡಿ ನೋಡಿ. ಹಂಪಿ ಕಡೆಯವರಿಗೂ ಗದಗದ ಕಡೆಯವರಿಗೂ ಗೊತ್ತಿರುವ ಘಟನೆ. 1858ರ ಮೇ ಕೊನೆಗೆ ಮುಂಡರಗಿ ಭೀಮರಾಯ ಮತ್ತು ಹಮ್ಮಿಗಿ ಕೆಂಚನಗೌಡ ಕೊಪ್ಪಳದ ಕೋಟೆ ಹಿಡಿದರು. ಅದೇ ದಿನಗಳಲ್ಲಿ ನರಗುಂದದ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದಿದ್ದ. ಬಳ್ಳಾರಿ ಕಡೆಯಿಂದ ಮೇಜರ್ ಹ್ಯೂಸ್ ದಂಡು ತೆಗೆದುಕೊಂಡು ಬಂದು ಜೂನ್ ಆರಂಭದಲ್ಲಿ ಕೋಟೆ ಹಿಡಿದ. ಭೀಮರಾಯ, ಕೆಂಚನಗೌಡ ಇಬ್ಬರೂ ಅಲ್ಲೇ ಮಡಿದರು. ಪ್ರಶ್ನೆ ಇಷ್ಟೇ: ಕೊಪ್ಪಳದ ಬಾಗಿಲಿಗೆ ಹೊಡೆದ ತೋಪು ಯಾವ ತುಕಡಿಯದು?

ಮೊದಲು ಆ ವರ್ಷದ ಮದ್ರಾಸ್ ಆರ್ಮಿ ಲಿಸ್ಟಿನಲ್ಲಿ ಬಳ್ಳಾರಿಯ ಸಾಲು ನೋಡಿ. ಆಮೇಲೆ ಹೈದರಾಬಾದ್ ಕಾಂಟಿಂಜೆಂಟ್ ಕಡೆ ತಿರುಗಿ. ಲಿಂಗಸುಗೂರು ಅವರ ಠಾಣೆ, ಅವರಿಗೆ ತಮ್ಮದೇ ತೋಪುಗಳಿದ್ದವು. ಕೊಪ್ಪಳ ನಿಜಾಮನ ಸೀಮೆಯ ಜಾಗೀರಾದ್ದರಿಂದ ಎರಡೂ ಕಡೆ ನೋಡಲೇಬೇಕು. ಬಳಿಕ ಹ್ಯೂಸ್ ಮದ್ರಾಸಿಗೆ ಕಳಿಸಿದ ವರದಿ ಹುಡುಕಿ. ಇಂಥ ವರದಿಯ ಕೊನೆಯಲ್ಲಿ ಯಾವ ದಳದ ಎಷ್ಟು ಜನ, ಎಷ್ಟು ಗಾಯ ಅಂತ ಪಟ್ಟಿ ಇರುವುದು ವಾಡಿಕೆ. ವರದಿಯ ಮೈಗಿಂತ ಆ ಪಟ್ಟಿ ಮುಖ್ಯ. ಬರೆದವನು ತನ್ನ ಶೌರ್ಯ ಉಬ್ಬಿಸಬಹುದು, ಸಂಬಳ ಕೊಡಬೇಕಾದ ಪಟ್ಟಿಯಲ್ಲಿ ತಲೆ ಎಣಿಕೆ ಉಬ್ಬಿಸುವುದು ಕಷ್ಟ. ಕಡೆಗೆ ಹಳ್ಳಿಯ ಲಾವಣಿ, ಮನೆತನದ ಕತೆ ಕೇಳಿ. ಕೋಟೆಗೂ ಹೋಗಿ, ಎಲ್ಲಿಂದ ಹೊಡೆದರೆ ಎಲ್ಲಿಗೆ ಬೀಳುತ್ತದೆ ಅಂತ ನಿಂತು ನೋಡಿ. ಇದೇ ಕೋಟೆಯನ್ನು 1790ರಲ್ಲಿ ನಿಜಾಮ ಮತ್ತು ಕಂಪನಿಯ ಸೇನೆ ಮುತ್ತಿದಾಗ ಸುಮಾರು ಆರು ತಿಂಗಳು ಬೇಕಾಯಿತು. ಬೆಂಗಳೂರು ಬಿದ್ದ ಸುದ್ದಿ ಬಂದ ಮೇಲೆ, 1791ರ ಏಪ್ರಿಲ್‌ನಲ್ಲಿ, ಟಿಪ್ಪುವಿನವರು ಅದನ್ನು ಬಿಟ್ಟುಕೊಟ್ಟರು. ಆರು ತಿಂಗಳು ತಡೆದ ಕಲ್ಲು 1858ರಲ್ಲಿ ಯಾಕೆ ತಡೆಯಲಿಲ್ಲ? ಒಳಗೆ ಎಷ್ಟು ಜನ ಇದ್ದರು, ಅವರ ಬಳಿ ತೋಪಿತ್ತೇ, ತಯಾರಿಗೆ ಎಷ್ಟು ದಿನ ಸಿಕ್ಕಿತ್ತು? ಈ ಪ್ರಶ್ನೆಗಳನ್ನು ಹಿಡಿದು ಹತ್ತಿದರೆ ನಿಮಗೊಂದು ಒಳ್ಳೆಯ ಲೇಖನ ಗ್ಯಾರಂಟಿ.

ಹೆಸರು ಒಂದಕ್ಕಿಂತ ಜಾಸ್ತಿ ಸಿಕ್ಕಾಗ

ನನ್ನ ಗನ್ನರ್‌ನ ಕತೆಗೆ ಬರುತ್ತೇನೆ, ಯಾಕೆಂದರೆ ನಿಮಗೂ ಇದೇ ಆಗುತ್ತದೆ. 1830ರಿಂದ 1839ರವರೆಗಿನ ಬಳ್ಳಾರಿಯ ಹೂಳುವಿಕೆ ರಿಜಿಸ್ಟರನ್ನು ಸಾಲು ಸಾಲಾಗಿ ಓದಿದೆ. ಮದ್ರಾಸ್ ಆರ್ಟಿಲರಿಯ ಗನ್ನರ್, ವಯಸ್ಸು 26, ಮೂವರು ಸಿಕ್ಕರು. ಇಬ್ಬರು ಒಂದೇ ಬೇಸಿಗೆಯಲ್ಲಿ, ಹನ್ನೊಂದು ದಿನದ ಅಂತರದಲ್ಲಿ. ಮೂರನೆಯವನು ನಾಲ್ಕು ವರ್ಷದ ನಂತರ. ಕಲ್ಲಿನ ಮೇಲೆ ಹೆಸರಿನ ಕೊನೆಯ ಅಕ್ಷರದ ಬಾಲ ಮಾತ್ರ ಉಳಿದಿತ್ತು. ಅದು ಮೂವರಲ್ಲಿ ಒಬ್ಬನಿಗೆ ಹೊಂದುವುದಿಲ್ಲ. ಉಳಿದ ಇಬ್ಬರಿಗೂ ಹೊಂದುತ್ತದೆ.

ಇಂಥ ಹೊತ್ತಿನಲ್ಲಿ ಇಷ್ಟವಾದವನನ್ನು ಆರಿಸಿಕೊಳ್ಳುವ ಆಸೆ ಬರುತ್ತದೆ. ಬೇಡ. ನಾನು ಇಬ್ಬರ ಹೆಸರನ್ನೂ ಒಂದೇ ಕಾರ್ಡಿನಲ್ಲಿ ಬರೆದು, ಕಲ್ಲಿನ ಫೋಟೋ ಅದಕ್ಕೆ ಅಂಟಿಸಿ, ಫೋಟೋ ತೆಗೆದ ತಾರೀಖು ಹಾಕಿಟ್ಟಿದ್ದೇನೆ. ಇಬ್ಬರ ಹಾಜರಿ ಪಟ್ಟಿಯ ನಕಲಿಗೂ ಲಂಡನ್ನಿಗೆ ಬರೆದಿದ್ದೇನೆ. ಸತ್ತ ಮೇಲೆ ಒಬ್ಬನ ಸಾಮಾನು ಹರಾಜು ಹಾಕಿದ ಲೆಕ್ಕ ಇದ್ದರೆ ಅದರಲ್ಲಿ ಸಮಾಧಿ ಕಲ್ಲಿಗೆ ಅಂತ ಖರ್ಚು ಬರೆದಿರಬಹುದು. ಅದು ಬಂದ ಮೇಲೆ ಒಂದು ಹೆಸರಿಗೆ ಗೆರೆ ಎಳೆಯುತ್ತೇನೆ.